ಮೆಕ್ಸಿಕೋದ ವಿರಾಮದ ದಿನಗಳು ಮತ್ತು ನಿಧಾನದ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೋದ ಪುಯೆಬ್ಲಾ ನಗರದಲ್ಲಿ ಕೆಲವು ವರ್ಷ ನೆಲೆಸಿದ್ದು ಊರಿಗೆ ಮರಳಿದ ಮೇಲೆ, ಮದುವೆಮನೆಯ ಪಂಕ್ತಿಯಲ್ಲಿ, ಪತ್ರಗಳಲ್ಲಿ, ಲೇಖನಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸರಳವಾದವು ಮೊದಲು ಬರುತ್ತವೆ, ಕಾನೂನು ಮತ್ತು ಇತಿಹಾಸದ ಪ್ರಶ್ನೆಗಳು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಮೆಕ್ಸಿಕೋದಲ್ಲಿ ಮಧ್ಯಾಹ್ನ ಎಲ್ಲರೂ ಮಲಗುತ್ತಾರಂತೆ, ನಿಜವೇ?

ಇಲ್ಲ. ಮಧ್ಯಾಹ್ನದ ನಿದ್ದೆಗೆ ಹೇಳುವ ಸಿಯೆಸ್ತಾ ಎಂಬ ಪದ ಲ್ಯಾಟಿನ್‌ನ 'ಆರನೆಯ ಗಂಟೆ' ಎಂಬುದರಿಂದ ಬಂದದ್ದು. ಸೂರ್ಯೋದಯದಿಂದ ಎಣಿಸಿದರೆ ಅದು ನಡುಹಗಲು. ಸ್ಪೇನಿನ ಮೂಲಕ ಬಂದ ಈ ಪದ್ಧತಿ ಮೆಕ್ಸಿಕೋ ನಗರ, ಮೊಂತೆರ್ರೇ, ಗ್ವಾದಲಹಾರಾಗಳಂತಹ ದೊಡ್ಡ ಊರುಗಳಲ್ಲಿ ದುಡಿಯುವವರ ಪಾಲಿಗೆ ಇಂದು ಇಲ್ಲವೆಂದೇ ಹೇಳಬೇಕು. ಕೆಲಸದ ಜಾಗಕ್ಕೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಕಳೆಯುವವರು ಮಧ್ಯಾಹ್ನ ಮನೆಗೆ ಬಂದು ಮಲಗುವುದು ಸಾಧ್ಯವೂ ಇಲ್ಲ.

ಆದರೆ ಬಿಸಿಲ ನಾಡಾದ ಯುಕಾತಾನ್‌ನಲ್ಲಿ ಚಿತ್ರ ಬೇರೆ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿಯ ಹತ್ತಿರ ಹೋಗುತ್ತದೆ; ಸಣ್ಣ ಊರುಗಳಲ್ಲಿ ಅಂಗಡಿಗಳು ಮಧ್ಯಾಹ್ನ ಬಾಗಿಲೆಳೆದು ಸಂಜೆಗೆ ಮತ್ತೆ ತೆರೆಯುತ್ತವೆ. ಮನೆಯ ಗೋಡೆಗಳಲ್ಲಿ ಎದುರುಬದುರಾಗಿ ಕೊಕ್ಕೆಗಳನ್ನು ಮೊದಲೇ ಕೂರಿಸಿರುತ್ತಾರೆ, ಅವುಗಳಿಗೆ ಹಾಮಾಕಾ ಎಂಬ ಬಲೆಯ ಜೋಲಿಯನ್ನು ಕಟ್ಟುತ್ತಾರೆ. ಮೇರಿದಾ ನಗರದ ಪಕ್ಕದ ತಿಶ್ಕೋಕೋಬ್ ಎಂಬ ಊರು ಈ ಜೋಲಿಗಳ ನೇಯ್ಗೆಗೇ ಹೆಸರಾದದ್ದು. ಅದರಲ್ಲಿ ಉದ್ದಕ್ಕೆ ಮಲಗಿದರೆ ಬೆನ್ನು ಬಾಗುತ್ತದೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಬಲೆ ಹರಡಿಕೊಂಡು ಮೈ ಸಮನಾಗಿ ನಿಲ್ಲುತ್ತದೆ. ಇದನ್ನು ನನಗೆ ಏಳು ವರ್ಷದ ಒಬ್ಬ ಹುಡುಗಿ ಹೇಳಿಕೊಟ್ಟಳು.

ಹಾಗಾದರೆ ಅವರು ಸೋಮಾರಿಗಳು ಎನ್ನುವ ಮಾತು ಎಲ್ಲಿಂದ ಬಂತು?

ದೊಡ್ಡ ಟೋಪಿಯನ್ನು ಮುಖಕ್ಕೆ ಎಳೆದುಕೊಂಡು ಪಾಪಾಸುಕಳ್ಳಿಯ ಬುಡದಲ್ಲಿ ನಿದ್ರಿಸುವ ಮನುಷ್ಯನ ಚಿತ್ರವನ್ನು ನೀವು ಹೋಟೆಲ್ ಗೋಡೆಗಳ ಮೇಲೆ, ಆಟಿಕೆಗಳ ಮೇಲೆ ನೋಡಿರುತ್ತೀರಿ. ಅದು ಬಹುಮಟ್ಟಿಗೆ ಗಡಿಯಾಚೆಯ ಅಮೆರಿಕದವರು ಹರಡಿದ ಚಿತ್ರ, ಮತ್ತು ನನ್ನ ದೃಷ್ಟಿಯಲ್ಲಿ ಅನ್ಯಾಯದ ಚಿತ್ರ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಸದಸ್ಯ ದೇಶಗಳಲ್ಲಿ ಅತಿ ಹೆಚ್ಚು ಹೊತ್ತು ದುಡಿಯುವವರ ಸಾಲಿನಲ್ಲಿ ಮೆಕ್ಸಿಕೋ ಬಹುಕಾಲದಿಂದ ಮುಂದಿದೆ. ಅಲ್ಲಿನ ಒಬ್ಬ ಕೆಲಸಗಾರ ವರ್ಷಕ್ಕೆ ಸರಾಸರಿ 2,200 ಗಂಟೆಗಳಷ್ಟು ದುಡಿದರೆ ಜರ್ಮನಿಯಲ್ಲಿ ಅದು 1,350ರ ಆಸುಪಾಸಿನಲ್ಲಿದೆ. ಮುಂದಿನ ಉತ್ತರಗಳನ್ನೆಲ್ಲ ಈ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ. ಮೆಕ್ಸಿಕೋದ ವಿರಾಮದ ಪದ್ಧತಿಗಳು ಬಿಡುವಿದ್ದವರು ಕಟ್ಟಿಕೊಂಡವಲ್ಲ. ಬಿಡುವೇ ಸಿಗದವರು ಸಿಕ್ಕಷ್ಟನ್ನು ಒಟ್ಟಾಗಿ ಕಾಪಾಡಿಕೊಂಡು ಬಂದವು.

ಭಾನುವಾರ ಎಲ್ಲ ಮುಚ್ಚಿರುತ್ತದೆಯೇ? ಜನ ಏನು ಮಾಡುತ್ತಾರೆ?

ಕಚೇರಿ, ಬ್ಯಾಂಕು, ಶಾಲೆಗಳು ಮುಚ್ಚಿರುತ್ತವೆ. ಸಂತೆ, ತಿಂಡಿಯ ಗಾಡಿ, ಉದ್ಯಾನಗಳು ಮಾತ್ರ ವಾರದ ಬೇರೆ ಯಾವ ದಿನಕ್ಕಿಂತಲೂ ಹೆಚ್ಚು ತುಂಬಿರುತ್ತವೆ. ವಿಶ್ರಾಂತಿ ಎಂದರೆ ಮನೆಯ ಬಾಗಿಲು ಹಾಕಿಕೊಂಡು ಒಬ್ಬರೇ ಸುಮ್ಮನಿರುವುದು ಎಂಬ ಭಾವನೆ ಅಲ್ಲಿ ಕಡಿಮೆ. ಅಜ್ಜಿಯ ಮನೆಯಲ್ಲಿ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಸೇರಿ ಉಣ್ಣುವುದು ಭಾನುವಾರದ ಮುಖ್ಯ ಕಾರ್ಯ.

ಮಧ್ಯ ಮೆಕ್ಸಿಕೋದಲ್ಲಿ, ವಿಶೇಷವಾಗಿ ಇದಾಲ್ಗೊ ರಾಜ್ಯದಲ್ಲಿ, ಭಾನುವಾರದ ಊಟ ಬಾರ್ಬಕೋವಾ. ಶನಿವಾರ ಸಂಜೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಟ್ಟಿಗೆ ಉರಿಸಿ ಕಲ್ಲುಗಳನ್ನು ಕಾಯಿಸುತ್ತಾರೆ. ಬೆಂಕಿಯಲ್ಲಿ ಬಾಡಿಸಿದ ಕತ್ತಾಳೆಯ ಅಗಲವಾದ ಪಟ್ಟೆಗಳನ್ನು ಗುಂಡಿಯ ಒಳಮೈಗೆ ಹೊದಿಸುತ್ತಾರೆ. ತಳದಲ್ಲಿ ಕಡಲೆ, ಅಕ್ಕಿ, ಸೊಪ್ಪು ಹಾಕಿದ ಪಾತ್ರೆಯಿಟ್ಟು, ಅದರ ಮೇಲೆ ಕುರಿಮಾಂಸವನ್ನು ಇಳಿಸಿ, ಪಟ್ಟೆಗಳನ್ನು ಮಡಚಿ, ಮಣ್ಣು ಮುಚ್ಚುತ್ತಾರೆ. ರಾತ್ರಿಯಿಡೀ ಯಾರೂ ಅದನ್ನು ಮುಟ್ಟುವುದಿಲ್ಲ. ಬೆಳಿಗ್ಗೆ ತೆಗೆಯುವಾಗ ಮಾಂಸ ಎಲುಬಿನಿಂದ ತಾನಾಗಿ ಕಳಚಿಕೊಳ್ಳುವಷ್ಟು ಬೆಂದಿರುತ್ತದೆ, ಕೆಳಗಿನ ಪಾತ್ರೆಯಲ್ಲಿ ರಸ ಇಳಿದು ಸಾರಾಗಿರುತ್ತದೆ. ಮಧ್ಯಾಹ್ನದೊಳಗೆ ಎಲ್ಲವೂ ಮಾರಾಟವಾಗಿಬಿಡುತ್ತದೆ. ನಿಧಾನ ಎಂಬುದಕ್ಕೆ ಮೆಕ್ಸಿಕೋದಲ್ಲಿ ನಾನು ಕಂಡ ಅತ್ಯುತ್ತಮ ನಿದರ್ಶನ ಇದೇ.

ಸಂಜೆ ಜನ ಊರ ನಡುವಿನ ಚೌಕಕ್ಕೆ ಬರುತ್ತಾರೆ. ಹಿಂದೆ ಸಣ್ಣ ಊರುಗಳಲ್ಲಿ ಯುವಕರು ಒಂದು ದಿಕ್ಕಿನಲ್ಲಿ, ಯುವತಿಯರು ಎದುರು ದಿಕ್ಕಿನಲ್ಲಿ ವಾದ್ಯಮಂಟಪದ ಸುತ್ತ ನಡೆಯುವ ರೂಢಿಯಿತ್ತು. ಅದು ಈಗ ಬಹುತೇಕ ಮರೆಯಾಗಿದೆ. ಬೇಯಿಸಿದ ಮುಸುಕಿನ ಜೋಳ ತಿನ್ನುತ್ತ ಕುಳಿತುಕೊಳ್ಳುವುದು ಮಾತ್ರ ಹಾಗೆಯೇ ಇದೆ. ಮೆಕ್ಸಿಕೋ ನಗರದಲ್ಲಿ 1592ರಲ್ಲಿ ನಿರ್ಮಿಸಿದ ಅಲಮೇದಾ ಉದ್ಯಾನ ಇಂದಿಗೂ ಭಾನುವಾರ ಕಿಕ್ಕಿರಿದಿರುತ್ತದೆ. 2007ರಿಂದ ಅಲ್ಲಿನ ರಿಫಾರ್ಮಾ ಹೆದ್ದಾರಿಯನ್ನು ಭಾನುವಾರ ಬೆಳಿಗ್ಗೆ ಕಾರುಗಳಿಗೆ ಮುಚ್ಚಿ ಸೈಕಲ್ ಸವಾರರಿಗೂ ನಡೆಯುವವರಿಗೂ ಬಿಟ್ಟುಕೊಡುತ್ತಿದ್ದಾರೆ. ಸರ್ಕಾರಿ ಪುರಾತತ್ತ್ವ ವಸ್ತುಸಂಗ್ರಹಾಲಯಗಳಿಗೆ ಅಂದು ದೇಶವಾಸಿಗಳಿಗೆ ಪ್ರವೇಶ ಉಚಿತ. ಪ್ರವಾಸಿಗರಿಗೆ ಒಂದು ಸೂಚನೆ: ಬಹುಪಾಲು ವಸ್ತುಸಂಗ್ರಹಾಲಯಗಳಿಗೆ ರಜೆ ಇರುವುದು ಸೋಮವಾರ.

ಮಧ್ಯಾಹ್ನದ ಊಟಕ್ಕೆ ಎರಡು ಗಂಟೆ ಏಕೆ ಬೇಕು?

ಉಣ್ಣಲು ಅಷ್ಟು ಹೊತ್ತು ಬೇಡ. ಉಂಡ ಮೇಲೆ ಏಳದೆ ಕುಳಿತಿರಲು ಬೇಕು. ಕೊಮೀದಾ ಎಂಬ ಮುಖ್ಯ ಊಟ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ನಡೆಯುತ್ತದೆ, ರಾತ್ರಿಯದು ಹಗುರವಾದ ಫಲಾಹಾರದಂತೆ. ತಟ್ಟೆ ಖಾಲಿಯಾದ ಮೇಲೆ ಮೇಜಿನ ಸುತ್ತಲೇ ಮಾತು ಮುಂದುವರಿಯುವುದಕ್ಕೆ ಸೋಬ್ರೆಮೇಸಾ ಎಂಬ ಹೆಸರೇ ಇದೆ.

ಪುಯೆಬ್ಲಾದಲ್ಲಿ ನನ್ನ ಮನೆಯೊಡತಿಯ ತಾಯಿ ಮೊದಲ ಸಲ ಊಟಕ್ಕೆ ಕರೆದಾಗ, ಬೆಂಗಳೂರಿನ ಅಭ್ಯಾಸದಂತೆ ನಾನು ಕೈತೊಳೆದು ಧನ್ಯವಾದ ಹೇಳಿ ಹೊರಡಲು ಎದ್ದೆ. ಮೇಜು ಒಮ್ಮೆಲೇ ಮೌನವಾಯಿತು. ಆ ಹಿರಿಯಾಕೆ 'ಅಡುಗೆ ಹಿಡಿಸಲಿಲ್ಲವೇ?' ಎಂದು ಕೇಳಿದರು. ನಾನು ನಾಚಿ ಮತ್ತೆ ಕುಳಿತೆ. ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಿದ್ದ ತೊರ್ತಿಯಾ ಎಂಬ ಮುಸುಕಿನ ಜೋಳದ ರೊಟ್ಟಿಗಳು ತಣ್ಣಗಾದವು, ಮಣ್ಣಿನ ಗಡಿಗೆಯಲ್ಲಿ ದಾಲ್ಚಿನ್ನಿ ಮತ್ತು ಬೆಲ್ಲ ಹಾಕಿ ಕಾಯಿಸಿದ ಕಾಫಿ ಎರಡು ಸುತ್ತು ಬಂತು, ಸತ್ತುಹೋದ ಚಿಕ್ಕಪ್ಪನ ಕಥೆಯನ್ನು ಮೂವರು ಮೂರು ಬಗೆಯಾಗಿ ಹೇಳಿದರು. ಎದ್ದಾಗ ಆರು ಗಂಟೆಯಾಗಿತ್ತು.

ಕೆಲಸದ ದಿನಗಳಲ್ಲಿ ಇಷ್ಟು ಬಿಡುವು ಇರುವುದಿಲ್ಲ. ಆಗ ಜನ ಫೊಂಡಾ ಎಂಬ ಸಣ್ಣ ಊಟದ ಮನೆಗಳಲ್ಲಿ ಕೊಮೀದಾ ಕೊರ್ರೀದಾ ಎಂಬ ನಿಗದಿತ ಬೆಲೆಯ ಊಟ ಮಾಡುತ್ತಾರೆ: ಮೊದಲು ಸಾರು, ಆಮೇಲೆ ಅನ್ನ ಅಥವಾ ಶ್ಯಾವಿಗೆ, ನಂತರ ಪಲ್ಯವೋ ಮಾಂಸವೋ, ಜೊತೆಗೆ ಹಣ್ಣಿನ ಪಾನಕ. ಒಳಗೆ ಬರುವವರೂ ಹೊರಗೆ ಹೋಗುವವರೂ ಗುರುತಿಲ್ಲದವರಿಗೂ 'ಪ್ರೊವೇಚೊ' ಎಂದು, ಅಂದರೆ ಉಂಡದ್ದು ಮೈಗೂಡಲಿ ಎಂದು ಹಾರೈಸುತ್ತಾರೆ.

'ಅಓರಿತಾ' ಅಂದರೆ ಈಗಲೇ ಎಂದೇ, ನಾಳೆ ಎಂದೇ?

ಧ್ವನಿ ನೋಡಿ ತಿಳಿಯಬೇಕು. ಅಓರಾ ಎಂದರೆ ಈಗ. ಅದಕ್ಕೆ ಮುದ್ದಿನ ಪ್ರತ್ಯಯ ಸೇರಿ ಅಓರಿತಾ ಆಗುತ್ತದೆ. ಐದು ನಿಮಿಷ, ಒಂದು ಗಂಟೆ, ಅಥವಾ ಇಲ್ಲ ಎಂಬುದರ ಮೆದುವಾದ ರೂಪ, ಮೂರೂ ಆಗಬಹುದು. ಕನ್ನಡಿಗರಿಗೆ ಇದು ಹೊಸದೇನಲ್ಲ: ಇನ್ನೂ ಮನೆಯಿಂದ ಹೊರಡದವರು ಫೋನಿನಲ್ಲಿ 'ಈಗ ಬಂದೆ' ಎನ್ನುವುದನ್ನು ನಾವು ಸುಳ್ಳೆಂದು ಎಣಿಸುವುದಿಲ್ಲ.

## ರಜೆ, ಕಾನೂನು, ಕೆಲಸ

ಪುವೆಂತೆ ಎಂದು ಏನನ್ನು ಕರೆಯುತ್ತಾರೆ?

ಪುವೆಂತೆ ಎಂದರೆ ಸೇತುವೆ. ಹಬ್ಬದ ರಜೆಗೂ ವಾರಾಂತ್ಯಕ್ಕೂ ನಡುವೆ ಉಳಿಯುವ ಒಂದು ದಿನವನ್ನು ರಜೆ ಮಾಡಿಕೊಂಡು ಎರಡನ್ನೂ ಜೋಡಿಸುವುದಕ್ಕೆ ಈ ಹೆಸರು. 2006ರಲ್ಲಿ ಕಾರ್ಮಿಕ ಕಾನೂನನ್ನು ತಿದ್ದಿ ಮೂರು ರಜೆಗಳನ್ನು ಸೋಮವಾರಕ್ಕೆ ಸರಿಸಲಾಯಿತು. ಫೆಬ್ರವರಿ 5ರ ಸಂವಿಧಾನ ದಿನದ ರಜೆ ಆ ತಿಂಗಳ ಮೊದಲ ಸೋಮವಾರಕ್ಕೆ, ಮಾರ್ಚ್ 21ರ, ಹತ್ತೊಂಬತ್ತನೆಯ ಶತಮಾನದ ಅಧ್ಯಕ್ಷ ಬೆನಿತೊ ಹ್ವಾರೆಸ್ ಜಯಂತಿಯ ರಜೆ ಮೂರನೆಯ ಸೋಮವಾರಕ್ಕೆ, ನವೆಂಬರ್ 20ರ ಕ್ರಾಂತಿ ದಿನದ್ದು ಮೂರನೆಯ ಸೋಮವಾರಕ್ಕೆ ಬಂದವು. ಜನವರಿ 1, ಮೇ 1, ಸೆಪ್ಟೆಂಬರ್ 16 ಮತ್ತು ಡಿಸೆಂಬರ್ 25 ತಮ್ಮ ದಿನಾಂಕದಲ್ಲೇ ಉಳಿದಿವೆ. ಆರು ವರ್ಷಕ್ಕೊಮ್ಮೆ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ಅಕ್ಟೋಬರ್ 1ಕ್ಕೂ ರಜೆಯಿದೆ. ಕಡ್ಡಾಯ ರಜೆಯಂದು ದುಡಿಸಿಕೊಂಡರೆ ಆ ದಿನದ ಮಾಮೂಲು ಕೂಲಿಯಲ್ಲದೆ ಅದರ ಎರಡರಷ್ಟನ್ನು ಹೆಚ್ಚುವರಿಯಾಗಿ ಕೊಡಬೇಕು.

ಮೂರು ದಿನ ಒಟ್ಟಿಗೆ ಸಿಕ್ಕಿದ್ದರಿಂದ ದೂರದ ಊರುಗಳವರು ಹೆತ್ತವರನ್ನು ನೋಡಿಬರುವುದು ಸುಲಭವಾಯಿತು. ಆದರೆ 2011ರಿಂದ ನವೆಂಬರ್‌ನ ಪುವೆಂತೆಯನ್ನು ದೇಶವ್ಯಾಪಿ ರಿಯಾಯಿತಿ ಮಾರಾಟ ಆವರಿಸಿಕೊಂಡಿದೆ. ಕ್ರಾಂತಿಯ ನೆನಪಿನ ದಿನ ಜನ ದೂರದರ್ಶನ ಪೆಟ್ಟಿಗೆಗಾಗಿ ಸರದಿಯಲ್ಲಿ ನಿಲ್ಲುವಂತಾದದ್ದು ನನಗೆ ಬೇಸರ ತಂದಿದೆ.

ವರ್ಷಕ್ಕೆ ಸಂಬಳಸಹಿತ ರಜೆ ಎಷ್ಟು ದಿನ?

2022ರ ಕೊನೆಯವರೆಗೂ ಮೊದಲ ವರ್ಷ ಮುಗಿಸಿದವರಿಗೆ ಕಾನೂನು ಕೊಡುತ್ತಿದ್ದದ್ದು ಬರೀ 6 ದಿನ. 2023ರ ಜನವರಿ 1ರಿಂದ ಅದು 12 ದಿನವಾಗಿದೆ; ಐದನೆಯ ವರ್ಷದ ಹೊತ್ತಿಗೆ 20 ದಿನಕ್ಕೆ ಏರುತ್ತದೆ, ಆಮೇಲೆ ಪ್ರತಿ ಐದು ವರ್ಷದ ಸೇವೆಗೆ ಎರಡೆರಡು ದಿನ ಸೇರುತ್ತವೆ. ರಜೆಯ ದಿನಗಳ ಸಂಬಳದ ಮೇಲೆ ಕನಿಷ್ಠ ಶೇ. 25ರಷ್ಟು ಹೆಚ್ಚುವರಿ ಹಣ ಕೊಡಬೇಕು, ಕೈಯಲ್ಲಿ ಕಾಸಿಲ್ಲದೆ ರಜೆ ವ್ಯರ್ಥವಾಗಬಾರದು ಎಂಬ ಕಾರಣಕ್ಕೆ. ಇದಲ್ಲದೆ ಆಗಿನಾಲ್ದೊ ಎಂಬ ವರ್ಷಾಂತ್ಯದ ಇನಾಮನ್ನು, ಕನಿಷ್ಠ 15 ದಿನದ ಕೂಲಿಯಷ್ಟು, ಡಿಸೆಂಬರ್ 20ರೊಳಗೆ ಕೊಡಬೇಕು.

ಸತ್ತವರ ಹಬ್ಬಕ್ಕೂ ಪವಿತ್ರ ವಾರಕ್ಕೂ ಸರ್ಕಾರಿ ರಜೆ ಇರಲೇಬೇಕಲ್ಲವೇ?

ಕಾರ್ಮಿಕ ಕಾನೂನಿನ ಕಡ್ಡಾಯ ರಜೆಗಳ ಪಟ್ಟಿಯಲ್ಲಿ ಇವು ಇಲ್ಲ ಎಂದರೆ ಹಲವರು ನಂಬುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಸುಧಾರಣೆಗಳ ಕಾಲದಿಂದ ಅಲ್ಲಿನ ಸರ್ಕಾರ ಚರ್ಚಿನಿಂದ ದೂರ ನಿಂತಿದೆ. ಪಟ್ಟಿಯಲ್ಲಿರುವ ಧಾರ್ಮಿಕ ಹಬ್ಬ ಕ್ರಿಸ್‌ಮಸ್ ಒಂದೇ. ಆದರೂ ನವೆಂಬರ್ 2ರಂದು ಸಮಾಧಿಗಳಿಗೆ ಚೆಂಡುಹೂವು ಏರಿಸಲು ಊರೇ ಹೊರಡುತ್ತದೆ, ಗುಡ್ ಫ್ರೈಡೆಯ ದಿನ ಬಹಳಷ್ಟು ಮಾಲೀಕರು ತಾವಾಗಿ ರಜೆ ಕೊಡುತ್ತಾರೆ, ಶಾಲೆಗಳಿಗೆ ಆಗ ಎರಡು ವಾರ ಬಿಡುವು. ಕಾನೂನು ಹೇಳದಿದ್ದರೂ ರೂಢಿ ಹೇಳುತ್ತದೆ. ಡಿಸೆಂಬರ್ 12ರ ಗ್ವಾದಲೂಪೆ ಮಾತೆಯ ಹಬ್ಬದಿಂದ ಜನವರಿ 6ರ ಮೂವರು ಜ್ಞಾನಿಗಳ ಹಬ್ಬದವರೆಗಿನ ಅವಧಿಯನ್ನು ಜನ 'ಗ್ವಾದಲೂಪೆ-ರೇಯೆಸ್ ಮ್ಯಾರಥಾನ್' ಎಂದೇ ಕರೆಯುತ್ತಾರೆ. ಆ ದಿನಗಳಲ್ಲಿ ಯಾವ ಕಡತವೂ ಬೇಗ ಮುಂದೆ ಹೋಗುವುದಿಲ್ಲ.

ನಾನು ಬೆಂಗಳೂರಿನಿಂದ ಮೆಕ್ಸಿಕೋದ ತಂಡದ ಜೊತೆ ಕೆಲಸ ಮಾಡುತ್ತೇನೆ. ಏನನ್ನು ಗಮನಿಸಬೇಕು?

ಮೆಕ್ಸಿಕೋ ನಗರಕ್ಕಿಂತ ನಾವು ಹನ್ನೊಂದೂವರೆ ಗಂಟೆ ಮುಂದಿದ್ದೇವೆ. 2022ರ ಅಕ್ಟೋಬರ್‌ನಲ್ಲಿ ದೇಶದ ಹೆಚ್ಚಿನ ಭಾಗದಲ್ಲಿ ಬೇಸಿಗೆಯ ಗಡಿಯಾರ ಬದಲಾವಣೆಯನ್ನು ಕೈಬಿಟ್ಟದ್ದರಿಂದ ಈ ಅಂತರ ವರ್ಷವಿಡೀ ಒಂದೇ. ತಿಹುವಾನಾದಂತಹ ಗಡಿಯ ಊರುಗಳು ಮಾತ್ರ ಹೊರತು. ಅವರ ಬೆಳಗಿನ ಒಂಬತ್ತು ನಮಗೆ ರಾತ್ರಿ ಎಂಟೂವರೆ. ಸಭೆಗಳನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ. ಅವರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಉತ್ತರ ಬರದಿದ್ದರೆ ಅದನ್ನು ಉದಾಸೀನವೆಂದು ತಿಳಿಯಬೇಡಿ. ಪತ್ರದ ಮೊದಲ ಸಾಲಿನಲ್ಲಿ ಯೋಗಕ್ಷೇಮ ವಿಚಾರಿಸದೆ ನೇರವಾಗಿ ಕೆಲಸದ ಮಾತಿಗಿಳಿಯುವುದು ಅವರಿಗೆ ಒರಟಾಗಿ ಕಾಣುತ್ತದೆ.

## ಇನ್ನಷ್ಟು ಆಳಕ್ಕೆ

ಸ್ಪೇನಿನವರು ಬರುವ ಮೊದಲು ಅಲ್ಲಿ ವಾರದ ರಜೆ ಇತ್ತೇ?

ಏಳು ದಿನದ ವಾರವೇ ಇರಲಿಲ್ಲ. ಮಧ್ಯ ಮೆಕ್ಸಿಕೋದ ಮೂಲನಿವಾಸಿಗಳಾದ ನಹುವಾ ಜನರ ವರ್ಷದಲ್ಲಿ 20 ದಿನಗಳ 18 ತಿಂಗಳುಗಳಿದ್ದವು, ಸಂತೆ ಐದು ದಿನಕ್ಕೊಮ್ಮೆ ಸೇರುತ್ತಿತ್ತು. ತಿಯಾನ್‌ಕಿಸ್ತ್ಲಿ ಎಂಬ ಅವರ ಮಾತೇ ಇಂದಿನ ತಿಯಾಂಗಿಸ್, ಅಂದರೆ ಸಂತೆ. ಹೊಲದ ಕೆಲಸ ಬಿಟ್ಟು ನೆಂಟರಿಷ್ಟರನ್ನು ಕಾಣಲು, ಸುದ್ದಿ ತಿಳಿಯಲು, ಸಂಬಂಧ ಕುದುರಿಸಲು ಅದೇ ದಿನ. ಹದಿನೆಂಟು ತಿಂಗಳುಗಳ ಲೆಕ್ಕಕ್ಕೆ ಸಿಗದೆ ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ನೆಮೊಂತೆಮಿ ಎಂದು ಹೆಸರು. ಅವು ಅಶುಭವೆಂದು ನಂಬಿ ಜನ ಯಾವ ಮುಖ್ಯ ಕೆಲಸಕ್ಕೂ ಕೈಹಾಕುತ್ತಿರಲಿಲ್ಲ.

ಭಾನುವಾರ ಬಂದದ್ದು ಪಾದ್ರಿಗಳ ಜೊತೆ. ಅದರೊಂದಿಗೆ ಎಷ್ಟು ಹಬ್ಬಗಳು ಬಂದವೆಂದರೆ, 1537ರಲ್ಲಿ ಪೋಪ್ ಮೂರನೆಯ ಪೌಲ್ ಮೂಲನಿವಾಸಿಗಳು ಕಡ್ಡಾಯವಾಗಿ ಆಚರಿಸಬೇಕಾದ ಹಬ್ಬಗಳ ಸಂಖ್ಯೆಯನ್ನು ಇಳಿಸಬೇಕಾಯಿತು. ಹಳೆಯ ಸಂತೆಗಳು ಕ್ರಮೇಣ ಏಳು ದಿನದ ವಾರಕ್ಕೆ ಹೊಂದಿಕೊಂಡವು. ದಕ್ಷಿಣ ಮೆಕ್ಸಿಕೋದ ವಾಹಾಕಾ ಕಣಿವೆಯಲ್ಲಿ ಬುಧವಾರ ಎತ್ಲಾ, ಗುರುವಾರ ಸಾಚೀಲಾ, ಶುಕ್ರವಾರ ಒಕೋತ್ಲಾನ್, ಭಾನುವಾರ ತ್ಲಾಕೋಲೂಲಾ ಎಂದು ಇಂದಿಗೂ ಊರಿಂದೂರಿಗೆ ಸಂತೆ ಸುತ್ತುತ್ತದೆ.

ಸಾನ್ ಲೂನೆಸ್ ಯಾವ ಸಂತ? ಪಟ್ಟಿಯಲ್ಲಿ ಸಿಗುತ್ತಿಲ್ಲ.

ಸಿಗುವುದೂ ಇಲ್ಲ. ಲೂನೆಸ್ ಎಂದರೆ ಸೋಮವಾರ. ಶನಿವಾರ ಕೂಲಿ ಪಡೆದ ಕುಶಲಕರ್ಮಿಗಳು ಸೋಮವಾರ ಕೆಲಸಕ್ಕೆ ಹೋಗದೆ, ಕತ್ತಾಳೆಯಿಂದ ಇಳಿಸಿದ ಪುಲ್ಕೆ ಎಂಬ ಹೆಂಡ ಕುಡಿಯುತ್ತ ಕಳೆಯುವುದಕ್ಕೆ 'ಸಂತ ಸೋಮವಾರ' ಆಚರಿಸುವುದು ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಗಿರಣಿ ಮಾಲೀಕರು ಇದನ್ನು ದುಶ್ಚಟವೆಂದು ದೂರಿದರು. ನನಗೆ ಅದು ಬೇರೆಯಾಗಿ ಕಾಣುತ್ತದೆ: ನಸುಕಿನಿಂದ ಕತ್ತಲಾಗುವವರೆಗೆ ದುಡಿದು, ಕೇಳಿದರೆ ಯಾರೂ ಕೊಡದ ಬಿಡುವನ್ನು ಆ ಜನ ತಾವೇ ತೆಗೆದುಕೊಳ್ಳುತ್ತಿದ್ದರು. 1906ರ ಜೂನ್‌ನಲ್ಲಿ ಕನನೇಯಾದ ತಾಮ್ರದ ಗಣಿಯ ಕಾರ್ಮಿಕರು ಮುಷ್ಕರ ಹೂಡಿದಾಗ ಎಂಟು ಗಂಟೆಯ ದುಡಿಮೆ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. 1907ರ ಜನವರಿಯಲ್ಲಿ ರೀಯೊ ಬ್ಲಾಂಕೊದ ಬಟ್ಟೆಗಿರಣಿಯ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿತು. 1917ರ ಸಂವಿಧಾನದ 123ನೆಯ ವಿಧಿ ದಿನಕ್ಕೆ ಎಂಟು ಗಂಟೆಯ ಮಿತಿಯನ್ನೂ ಆರು ದಿನಕ್ಕೊಂದು ವಿರಾಮವನ್ನೂ ಹಕ್ಕಾಗಿ ಬರೆದದ್ದು ಇಷ್ಟೆಲ್ಲ ಆದ ಮೇಲೆ.

ಒಂದೊಂದು ಕಸುಬಿನವರಿಗೆ ಒಂದೊಂದು ವಿರಾಮದ ದಿನ ಇದೆಯಂತೆ?

ಅವುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಗಾರೆ ಕೆಲಸದವರದು. ಮೇ 3ರ ಪವಿತ್ರ ಶಿಲುಬೆಯ ಹಬ್ಬದಂದು ಕಟ್ಟಡ ಕಾರ್ಮಿಕರು ಮರದ ಶಿಲುಬೆ ಮಾಡಿ, ಬಣ್ಣದ ಕಾಗದ ಮತ್ತು ಹೂಗಳಿಂದ ಸಿಂಗರಿಸಿ, ಕಟ್ಟುತ್ತಿರುವ ಗೋಡೆಯ ತುದಿಗೆ ಏರಿಸುತ್ತಾರೆ. ಪಟಾಕಿ ಹಾರುತ್ತದೆ. ಅಂದು ಊಟ ಹಾಕುವುದು ಮನೆ ಕಟ್ಟಿಸುವವರ ಹೊಣೆ. ನಮ್ಮ ಬೀದಿಯ ಒಂದು ಕಟ್ಟಡದಲ್ಲಿ ಸಿಮೆಂಟ್ ಚೀಲಗಳನ್ನು ಪಕ್ಕಕ್ಕೆ ಸರಿಸಿ, ಸೆಂಟ್ರಿಂಗ್ ಹಲಗೆಗಳನ್ನೇ ಇಟ್ಟಿಗೆಯ ಮೇಲೆ ಜೋಡಿಸಿ ಉದ್ದನೆಯ ಮೇಜು ಮಾಡಿದ್ದರು. ಎಂಜಿನಿಯರ್ ತಾನೇ ಕೈಯಲ್ಲಿ ಸೌಟು ಹಿಡಿದು ಬಡಿಸುತ್ತಿದ್ದ. ರೋಮಿನ ಚರ್ಚು 1960ರಲ್ಲಿ ಈ ಹಬ್ಬವನ್ನು ತನ್ನ ಸಾಮಾನ್ಯ ಪಂಚಾಂಗದಿಂದ ಕೈಬಿಟ್ಟರೂ ಮೆಕ್ಸಿಕೋ ಉಳಿಸಿಕೊಂಡಿತು. ಆಯುಧಪೂಜೆಯ ದಿನ ಕರಣೆ, ತೂಕದ ಗುಂಡುಗಳಿಗೆ ಕುಂಕುಮವಿಡುವುದನ್ನು ಕಂಡವರಿಗೆ ಇದರ ಒಳಗು ಬೇಗ ತಿಳಿಯುತ್ತದೆ.

ರಜೆಯ ದಿನವೂ ಊರ ಕೆಲಸ ಮಾಡುತ್ತಾರಂತೆ. ಅದು ವಿಶ್ರಾಂತಿ ಹೇಗಾಗುತ್ತದೆ?

ವಾಹಾಕಾದ ಮೂಲನಿವಾಸಿ ಹಳ್ಳಿಗಳಲ್ಲಿ ಇದಕ್ಕೆ ತೆಕಿಯೊ ಎಂದು ಹೆಸರು. ಕೆಲಸ ಎಂಬರ್ಥದ ತೆಕಿತ್ಲ್ ಎಂಬ ನಹುವಾ ಪದದಿಂದ ಬಂದದ್ದು. ರಸ್ತೆ ಸರಿಪಡಿಸುವುದು, ನೀರಿನ ಕಾಲುವೆ ತೆಗೆಯುವುದು, ಶಾಲೆಯ ಮಾಡು ಹೊದಿಸುವುದು, ಎಲ್ಲಕ್ಕೂ ಮನೆಗೊಬ್ಬರು ಕೂಲಿಯಿಲ್ಲದೆ ಬರಬೇಕು. ವಲಸೆ ಹೋದವರು ತಮ್ಮ ಬದಲಿಗೆ ಆಳನ್ನೋ ಹಣವನ್ನೋ ಕಳಿಸುತ್ತಾರೆ. ಮೈಗೆ ಇದು ವಿಶ್ರಾಂತಿಯಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇದು ಯಾವ ಯಜಮಾನನಿಗೂ ಸಲ್ಲದ, ಊರಿಗೇ ಸಲ್ಲುವ ಕೆಲಸ; ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ.

ಮನೆಗೆಲಸದವರಿಗೆ, ಬೀದಿ ವ್ಯಾಪಾರಿಗಳಿಗೆ ಈ ವಿರಾಮವೆಲ್ಲ ಸಿಗುತ್ತದೆಯೇ?

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಸಂಘಟಿತ ವಲಯದಲ್ಲಿದ್ದಾರೆ. ಮೇಲೆ ಹೇಳಿದ ರಜೆ, ಇನಾಮು, ಹೆಚ್ಚುವರಿ ಕೂಲಿಗಳು ಅವರ ಮಟ್ಟಿಗೆ ಕಾಗದದ ಮೇಲಷ್ಟೇ ಇವೆ. ನಮಗೆಲ್ಲ ಭಾನುವಾರವನ್ನು ಭಾನುವಾರವಾಗಿಸುವ ಜೋಳದ ಗಾಡಿಯವರಿಗೆ ಅದೇ ಅತಿ ಹೆಚ್ಚು ದುಡಿಮೆಯ ದಿನ.

2019ರ ತಿದ್ದುಪಡಿ ಮನೆಗೆಲಸದವರಿಗೆ ವಾರಕ್ಕೆ ಒಂದೂವರೆ ದಿನದ ನಿರಂತರ ಬಿಡುವನ್ನು, ಆದಷ್ಟು ಶನಿವಾರ ಮತ್ತು ಭಾನುವಾರಗಳಲ್ಲಿ, ಕಾನೂನುಬದ್ಧಗೊಳಿಸಿತು. ಯಜಮಾನರ ಮನೆಯಲ್ಲೇ ಉಳಿದು ದುಡಿಯುವ ಹಳ್ಳಿಯ ಹುಡುಗಿಯರಿಗೆ ಭಾನುವಾರ ಹೋಗಲು ಸ್ವಂತ ಮನೆಯಿರುವುದಿಲ್ಲ. ಮೊಂತೆರ್ರೇ ನಗರದ ಅಲಮೇದಾ ಉದ್ಯಾನದಲ್ಲಿ ಅವರು ಅಂದು ಸೇರುತ್ತಾರೆ. ಸಮವಸ್ತ್ರ ಕಳಚಿ ಒಳ್ಳೆಯ ಬಟ್ಟೆ ತೊಟ್ಟು, ವಾರವೆಲ್ಲ ಬಾಯಿಗೆ ಬಾರದ ತಮ್ಮ ತಾಯ್ನುಡಿಯಲ್ಲಿ ಮಾತಾಡುತ್ತಾರೆ.

ನಿಧಾನವಾಗಿ ಬದುಕಲು ಮೆಕ್ಸಿಕೋಗೆ ಹೋಗಿ ನೆಲೆಸುವ ವಿಚಾರವಿದೆ. ಸರಿಯೇ?

ಹೋಗಿ, ಆದರೆ ಯಾರ ಪಕ್ಕದಲ್ಲಿ ನೆಲೆಸುತ್ತೀರಿ ಎಂಬುದನ್ನು ಗಮನಿಸಿ. ದೂರದಿಂದಲೇ ಕೆಲಸ ಮಾಡುವ ವಿದೇಶಿಯರು ಮೆಕ್ಸಿಕೋ ನಗರದ ರೋಮಾ, ಕೊಂದೇಸಾ ಬಡಾವಣೆಗಳಿಗೆ ಹೆಚ್ಚು ಹೆಚ್ಚಾಗಿ ಬಂದಂತೆ ಬಾಡಿಗೆಗಳು ಏರಿ ಹಳೆಯ ನಿವಾಸಿಗಳು ಜಾಗ ಬಿಡಬೇಕಾಯಿತು. 2025ರ ಜುಲೈನಲ್ಲಿ ಇದರ ವಿರುದ್ಧ ಜನ ಬೀದಿಗಿಳಿದರು. ಫೊಂಡಾ ಮುಚ್ಚಿ ದುಬಾರಿ ಕಾಫಿ ಅಂಗಡಿ ತೆರೆದ ಬೀದಿಯಲ್ಲಿ ನಿಮಗೆ ನಿಧಾನ ಸಿಗಬಹುದು. ಅಲ್ಲಿಂದ ಎದ್ದು ಹೋದವರು ಈಗ ದಿನಕ್ಕೆ ಇನ್ನೂ ಎರಡು ಗಂಟೆ ಬಸ್ಸಿನಲ್ಲಿ ಕಳೆಯುತ್ತಿರುತ್ತಾರೆ.

'ಕುರ್ಚಿ ಕಾನೂನು' ಎಂದರೇನು?

ಅಂಗಡಿ ಮತ್ತು ಸೇವಾ ವಲಯದ ಕೆಲಸಗಾರರನ್ನು ಪಾಳಿಯುದ್ದಕ್ಕೂ ನಿಲ್ಲಿಸುವಂತಿಲ್ಲ, ಬೆನ್ನಾಸರೆಯಿರುವ ಕುರ್ಚಿ ಕೊಡಬೇಕು ಎನ್ನುವ ತಿದ್ದುಪಡಿ. 2024ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2025ರ ಜೂನ್ 17ರಂದು ಜಾರಿಗೆ ಬಂತು. ನಮ್ಮ ನೆರೆಯ ಕೇರಳ 2018ರಲ್ಲೂ ತಮಿಳುನಾಡು 2021ರಲ್ಲೂ ಇಂಥದೇ ಹಕ್ಕನ್ನು ಕೊಟ್ಟಿವೆ.

ವಾರಕ್ಕೆ ಎರಡು ದಿನ ರಜೆ ಬೇಕೆಂಬ ಹೋರಾಟ ಎಲ್ಲಿಗೆ ಬಂತು?

1917ರಿಂದ ವಾರದ ದುಡಿಮೆಯ ಮಿತಿ 48 ಗಂಟೆಯಲ್ಲೇ ನಿಂತಿತ್ತು. ಅದನ್ನು 40ಕ್ಕೆ ಇಳಿಸಿ, ಐದು ದಿನದ ಕೆಲಸಕ್ಕೆ ಎರಡು ದಿನದ ವಿರಾಮ ಕೊಡಬೇಕೆಂದು ಕಾರ್ಮಿಕರು ಕೆಲವು ವರ್ಷಗಳಿಂದ ಒತ್ತಾಯಿಸುತ್ತಿದ್ದಾರೆ. 2030ರ ಜನವರಿಯ ಹೊತ್ತಿಗೆ ಹಂತಹಂತವಾಗಿ 40 ಗಂಟೆಗೆ ತಲುಪುವ ಗುರಿಯನ್ನು ಸರ್ಕಾರ 2025ರ ಮೇ 1ರಂದು ಪ್ರಕಟಿಸಿತು. ಉತ್ಪಾದನೆ ಕುಸಿಯುತ್ತದೆ ಎಂದು ಉದ್ಯಮಿಗಳು ವಾದಿಸುತ್ತಾರೆ. ಒಂದು ದಿನದ ರಜೆ ಏಕೆ ಸಾಲದು ಎಂಬುದನ್ನು ನನಗೆ ತಿಳಿಸಿಕೊಟ್ಟವರು ಪುಯೆಬ್ಲಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಹೆಂಗಸು. ಅವರು ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲಿನ ಕಲ್ಲಿನ ತೊಟ್ಟಿಯಲ್ಲಿ ಇಡೀ ವಾರದ ಬಟ್ಟೆ ಒಗೆದು, ಮಧ್ಯಾಹ್ನ ಮುಂದಿನ ವಾರದ ಬೀನ್ಸ್ ಬೇಯಿಸಿ, ಸಂಜೆ ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ಚೌಕಕ್ಕೆ ಹೋಗೋಣ ಬನ್ನಿ ಎಂದು ನಾನು ಕರೆದಾಗಲೆಲ್ಲ ಅವರು ಹೇಳುತ್ತಿದ್ದದ್ದು, 'ಮುಂದಿನ ಭಾನುವಾರ'.